ಕಾಂಟನ ಕೊನೆಯ ಚಳಿಗಾಲ



ಇಮ್ಯಾನುಯೆಲ್ ಕಾಂಟ್ ಎಂಬ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ವಿಜ್ಞಾನ ಅಥವಾ ಭೂಗೋಳ ಓದುವವರು ಸೌರವ್ಯೂಹದ ಹುಟ್ಟನ್ನು ವಿವರಿಸುವ ನೀಹಾರಿಕಾ ಸಿದ್ಧಾಂತದ ಪಾಠದಲ್ಲಿ ಆ ಹೆಸರನ್ನು ಕಂಡಿರುತ್ತೀರಿ. ತಿರುಗುವ ಮೋಡವೊಂದು ಕುಗ್ಗಿ ಸೂರ್ಯನೂ ಗ್ರಹಗಳೂ ಆದವು ಎಂಬ ಊಹೆಯನ್ನು ಆತ 1755ರಲ್ಲಿ ಮುಂದಿಟ್ಟ. ತತ್ತ್ವಶಾಸ್ತ್ರದ ವಿದ್ಯಾರ್ಥಿಗಳಿಗೆ ಆತ 1781ರಲ್ಲಿ ಶುದ್ಧ ಬುದ್ಧಿಯ ವಿಮರ್ಶೆ ಬರೆದ ಮಹಾಮೇಧಾವಿ. ಇದಾವುದನ್ನೂ ಓದದವರಿಗೂ ಒಂದು ಕತೆ ಗೊತ್ತು: ಕಾಂಟ್ ತಿರುಗಾಟಕ್ಕೆ ಹೊರಟನೆಂದರೆ ನೆರೆಹೊರೆಯವರು ತಮ್ಮ ಗಡಿಯಾರಗಳನ್ನು ಸರಿಮಾಡಿಕೊಳ್ಳುತ್ತಿದ್ದರಂತೆ.

ಹೀಗೆ ಗಡಿಯಾರದಂತೆ ಬದುಕಿದ ಮನುಷ್ಯನಿಗೆ ನಿವೃತ್ತಿಯ ನಂತರ ಹೊತ್ತು, ಹೆಸರು, ಮುಖ ಎಲ್ಲವೂ ಮರೆಯತೊಡಗಿದಾಗ ಏನಾಯಿತು? ಅವನ ದಿನವನ್ನು ಯಾರು ನಡೆಸಿದರು? ಪಠ್ಯಪುಸ್ತಕಗಳು ಈ ಪ್ರಶ್ನೆಗೆ ಬರುವುದಿಲ್ಲ. ಆದರೆ ಇದಕ್ಕೆ ಉತ್ತರ ಇತಿಹಾಸದಲ್ಲಿ ಇದೆ. ರಾಜರಿಗೂ ಯುದ್ಧಗಳಿಗೂ ಇತಿಹಾಸ ಇರುವಂತೆ ಮುದಿತನಕ್ಕೂ ಆರೈಕೆಗೂ ಒಂದು ಇತಿಹಾಸವಿದೆ. ಅದರ ಒಂದು ಪುಟವನ್ನು ನಿಮ್ಮ ಮುಂದೆ ತೆರೆಯುತ್ತೇನೆ.

ಊರು ಮತ್ತು ದಿನಚರಿ

ಕಾಂಟ್ ಹುಟ್ಟಿದ್ದು 1724ರ ಏಪ್ರಿಲ್ 22ರಂದು, ಪ್ರಷ್ಯ ರಾಜ್ಯದ ಕ್ಯೋನಿಗ್ಸ್‌ಬರ್ಗ್ ಪಟ್ಟಣದಲ್ಲಿ. ತಂದೆ ಕುದುರೆಯ ಜೀನು, ಲಗಾಮು ಮಾಡುವ ಕಸುಬಿನವನು. ಗಣಿತ ಓದುವವರು ಈ ಊರನ್ನು ಬಲ್ಲರು. ಆಯ್ಲರ್ ಬಿಡಿಸಿದ ಏಳು ಸೇತುವೆಗಳ ಪ್ರಸಿದ್ಧ ಸಮಸ್ಯೆ ಇಲ್ಲಿಯದೇ. ಎರಡನೆಯ ಮಹಾಯುದ್ಧದ ನಂತರ ಊರು ರಷ್ಯಾದ ಪಾಲಾಯಿತು. 1946ರಲ್ಲಿ ಅದಕ್ಕೆ ಕಲಿನಿನ್‌ಗ್ರಾಡ್ ಎಂಬ ಹೆಸರು ಬಂತು.

ಊರು ಇರುವುದು ಬಾಲ್ಟಿಕ್ ಸಮುದ್ರದ ಹತ್ತಿರ, ಸುಮಾರು 55 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಹಗಲೆಂದರೆ ಏಳು ಗಂಟೆಯಷ್ಟೇ. ನಮ್ಮ ಬೆಂಗಳೂರಿನ ಅತಿ ಚಿಕ್ಕ ಹಗಲು ಕೂಡ ಹನ್ನೊಂದು ಗಂಟೆಗೂ ಹೆಚ್ಚು. ಮಧ್ಯಾಹ್ನದ ಊಟ ಮುಗಿದು ಸ್ವಲ್ಪ ಹೊತ್ತಿಗೇ ಕತ್ತಲಾಗುವ, ಮಣ್ಣು ಕಲ್ಲಿನಂತೆ ಹೆಪ್ಪುಗಟ್ಟುವ ಚಳಿಗಾಲ ಅದು. ವಿದ್ಯುದ್ದೀಪವಿಲ್ಲದ ಕಾಲ ಎಂಬುದನ್ನೂ ನೆನಪಿಡಿ.

ಕಾಂಟ್ ಮದುವೆಯಾಗಲಿಲ್ಲ. ಪ್ರಷ್ಯದ ಸೈನ್ಯದಲ್ಲಿದ್ದ ಮಾರ್ಟಿನ್ ಲಾಂಪೆ ಎಂಬುವನು ಸುಮಾರು ನಲವತ್ತು ವರ್ಷ ಅವನ ಸೇವಕನಾಗಿದ್ದ. ಬೆಳಿಗ್ಗೆ ಐದಕ್ಕೆ ಮುಂಚೆ ಒಡೆಯನನ್ನು ಎಬ್ಬಿಸುವುದು ಅವನ ಕೆಲಸ. ಎದ್ದೊಡನೆ ಚಹಾ, ಒಂದು ಚಿಲುಮೆ ತಂಬಾಕು. ನಂತರ ಪಾಠ, ಬರವಣಿಗೆ. ಮಧ್ಯಾಹ್ನ ಒಂದಕ್ಕೆ ಅತಿಥಿಗಳ ಜೊತೆ ಊಟ. ಪಂಕ್ತಿಯಲ್ಲಿ ಮೂವರಿಗೆ ಕಡಿಮೆ ಇರಬಾರದು, ಒಂಬತ್ತು ಜನರಿಗೆ ಹೆಚ್ಚೂ ಇರಬಾರದು. ಆಮೇಲೆ ನಡಿಗೆ, ಓದು. ರಾತ್ರಿ ಹತ್ತಕ್ಕೆ ನಿದ್ದೆ. 1796ರ ಜುಲೈನಲ್ಲಿ, ಎಪ್ಪತ್ತೆರಡರ ವಯಸ್ಸಿನಲ್ಲಿ, ಕಾಂಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವುದನ್ನು ನಿಲ್ಲಿಸಿದ. ದಿನಚರಿ ಮಾತ್ರ ನಿಲ್ಲಲಿಲ್ಲ.

ಮರೆವು ಬಂದ ಬಗೆ

ಮರೆವು ಒಂದೇ ದಿನ ಬರಲಿಲ್ಲ. ಹೇಳಿದ ಕತೆಯನ್ನೇ ಅದೇ ದಿನ ಮತ್ತೆ ಹೇಳುವುದು ಮೊದಲಾಯಿತು. ಎಷ್ಟೋ ವರ್ಷಗಳ ಹಿಂದಿನ ಸಂಗತಿಗಳು, ಬಾಯಿಪಾಠವಾಗಿದ್ದ ಲ್ಯಾಟಿನ್ ಪದ್ಯಗಳು ಸ್ಪಷ್ಟವಾಗಿದ್ದವು, ನಿನ್ನೆಯದು ಇರಲಿಲ್ಲ. ಇದನ್ನು ಮೊದಲು ಗಮನಿಸಿದವರಲ್ಲಿ ಕಾಂಟನೂ ಒಬ್ಬ. ಅತಿಥಿಗಳಿಗೆ ಒಂದೇ ಮಾತು ಎರಡು ಸಲ ಹೇಳಿ ಬೇಸರ ಮಾಡಬಾರದೆಂದು ಆತ ಮಾತಿನ ವಿಷಯಗಳನ್ನು ಚೀಟಿಗಳಲ್ಲಿ, ಕಾಗದದ ಲಕೋಟೆಗಳ ಮೇಲೆ ಬರೆದಿಟ್ಟುಕೊಳ್ಳತೊಡಗಿದ. 1799ರಲ್ಲಿ ಗೆಳೆಯರ ಮುಂದೆ, ತನಗೆ ವಯಸ್ಸಾಗಿದೆ, ಶಕ್ತಿ ಕುಂದಿದೆ, ತನ್ನನ್ನು ಮಗುವೆಂದು ತಿಳಿದು ನಡೆಸಿಕೊಳ್ಳಬೇಕು ಎಂದು ತಾನೇ ಕೇಳಿಕೊಂಡ.

ಆಗಲೂ ಒಂದು ದೊಡ್ಡ ಗ್ರಂಥ ಬರೆಯುತ್ತಲೇ ಇದ್ದ. ಅದು ಮುಗಿಯಲಿಲ್ಲ. ಉಳಿದಿರುವ ಅದರ ಹಾಳೆಗಳಲ್ಲಿ ಗಹನವಾದ ತತ್ತ್ವವಿಚಾರದ ಪಕ್ಕದಲ್ಲೇ ಊಟದ, ಅತಿಥಿಗಳ, ಮನೆವಾರ್ತೆಯ ಟಿಪ್ಪಣಿಗಳಿವೆ.

ವಿಜ್ಞಾನ ಓದುವ ನಿಮಗೆ ಇನ್ನೊಂದು ಸಂಗತಿ ಹೇಳಬೇಕು. ತನ್ನ ತಲೆ ಸದಾ ಒತ್ತಿದಂತಾಗುವುದಕ್ಕೆ ಗಾಳಿಯಲ್ಲಿ ಸೇರಿಕೊಂಡ ಒಂದು ಬಗೆಯ ವಿದ್ಯುತ್ತೇ ಕಾರಣವೆಂದು ಕಾಂಟ್ ನಂಬಿದ್ದ. ಯುರೋಪಿನ ಕೆಲವು ನಗರಗಳಲ್ಲಿ ಬೆಕ್ಕುಗಳು ಗುಂಪಾಗಿ ಸತ್ತ ಸುದ್ದಿಯನ್ನು ಅದಕ್ಕೆ ಸಾಕ್ಷಿಯಾಗಿ ಕೊಡುತ್ತಿದ್ದ. ಮನುಷ್ಯನ ಬುದ್ಧಿ ಎಲ್ಲಿಯವರೆಗೆ ಹೋಗಬಲ್ಲದು, ಎಲ್ಲಿ ನಿಲ್ಲಬೇಕು ಎಂದು ಗೆರೆ ಎಳೆದವನು ತನ್ನ ಸ್ವಂತ ಕಾಯಿಲೆಯ ವಿಷಯದಲ್ಲಿ ಆ ಗೆರೆಯನ್ನು ಕಾಣದಾದ. ನಗಬೇಡಿ. ಒಳಗೆ ಏನೋ ಕೆಡುತ್ತಿದೆ ಎಂದು ತಿಳಿದಾಗ ಹೊರಗೊಂದು ಕಾರಣ ಹುಡುಕುವುದು ಎಲ್ಲ ಮನುಷ್ಯರ ಸ್ವಭಾವ.

ಕೈಹಿಡಿದವನು

1801ರಿಂದ ಮನೆಯ ಲೆಕ್ಕಪತ್ರ, ವ್ಯವಹಾರಗಳನ್ನು ವಹಿಸಿಕೊಂಡವನು ಏರೆಗಾಟ್ ವಸಿಯಾನ್ಸ್ಕಿ. ಕಾಂಟನ ಹಳೆಯ ಶಿಷ್ಯ, ಅದೇ ಊರಿನ ಚರ್ಚೊಂದರಲ್ಲಿ ಪಾದ್ರಿ, ಯಂತ್ರಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ಆಸಕ್ತಿಯುಳ್ಳವನು. ನಾವು ಈಗ ಹೇಳುತ್ತಿರುವ ವಿವರಗಳೆಲ್ಲ ಉಳಿದದ್ದು ಮುಖ್ಯವಾಗಿ ಅವನು 1804ರಲ್ಲಿ ಪ್ರಕಟಿಸಿದ ಪುಸ್ತಕದಿಂದ.

ಲಾಂಪೆಗೂ ವಯಸ್ಸಾಗಿತ್ತು, ಕುಡಿತ ಹೆಚ್ಚಾಗಿತ್ತು, ಜಗಳ ಶುರುವಾಗಿತ್ತು. 1802ರ ಜನವರಿಯಲ್ಲಿ ವರ್ಷಾಶನ ಗೊತ್ತುಮಾಡಿ ಅವನನ್ನು ಕೆಲಸದಿಂದ ಬಿಡಿಸಿದರು. ಅವನ ಜಾಗಕ್ಕೆ ಕೌಫ್‌ಮನ್ ಎಂಬ ಹೊಸ ಸೇವಕ ಬಂದ. ಆದರೆ ಕಾಂಟನ ಬಾಯಿಗೆ ಹಳೆಯ ಹೆಸರೇ ಬರುತ್ತಿತ್ತು. ಅದಕ್ಕೆ ಆತ ತನ್ನ ನೆನಪಿನ ಪುಸ್ತಕದಲ್ಲಿ ಲಾಂಪೆ ಎಂಬ ಹೆಸರನ್ನು ಇನ್ನು ಪೂರ್ತಿಯಾಗಿ ಮರೆಯಬೇಕು ಎಂದು ಬರೆದಿಟ್ಟುಕೊಂಡ. ಮರೆಯುವುದನ್ನು ನೆನಪಿಡಲು ಒಂದು ಟಿಪ್ಪಣಿ! ಈ ಸಂಗತಿಯನ್ನು ತಮಾಷೆಯಾಗಿ ಹೇಳುವುದುಂಟು. ಆದರೆ ನಲವತ್ತು ವರ್ಷ ಬೆಳಗಿನ ಮೊದಲ ದನಿಯಾಗಿದ್ದವನು ಹೋದಮೇಲೆ ಆ ಮನೆಯಲ್ಲಿ ಬೆಳಗು ಹೇಗಿತ್ತೆಂದು ಯೋಚಿಸಿ ನೋಡಿ.

ಹೇಗಿತ್ತೆಂದು ವಸಿಯಾನ್ಸ್ಕಿ ಬರೆದಿದ್ದಾನೆ. ಚಹಾದ ಮೇಜನ್ನು ಹೇಗೆ ಜೋಡಿಸಬೇಕೆಂಬುದು ಲಾಂಪೆಗೆ ಮಾತ್ರ ಗೊತ್ತಿತ್ತು. ಹೊಸಬನಿಗೆ ಅದು ಕೂಡಿಬರಲಿಲ್ಲ. ಕೊನೆಗೆ ವಸಿಯಾನ್ಸ್ಕಿ ನಸುಕಿನಲ್ಲೇ ಬಂದು, ಎಲ್ಲವನ್ನೂ ಅಣಿಮಾಡಿ, ಜೊತೆಗೆ ಚಹಾಕ್ಕೆ ಕುಳಿತ. ಕಾಂಟನಿಗೆ ಕುಡಿಯಲಾಗಲಿಲ್ಲ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆತ ಆ ಹೊತ್ತಿನಲ್ಲಿ ಎದುರಿಗೆ ಇನ್ನೊಬ್ಬರ ಮುಖ ಕಂಡವನಲ್ಲ. ತನ್ನ ಕಣ್ಣಿಗೆ ಬೀಳದಂತೆ ಕೂರಬಹುದೇ ಎಂದು ಬಹಳ ವಿನಯದಿಂದ ಕೇಳಿದ. ವಸಿಯಾನ್ಸ್ಕಿ ಬೇಸರಪಡದೆ ಎದ್ದು ಹಿಂದೆ ಹೋಗಿ ಕುಳಿತ. ಆಗ ಚಹಾ ಇಳಿಯಿತು.

ಅವನು ಮಾಡಿದ ಉಪಾಯಗಳು ಚಿಕ್ಕಚಿಕ್ಕವು. ಬಿಡಿ ಚೀಟಿಗಳು ಕಳೆದುಹೋಗುತ್ತಿದ್ದುದರಿಂದ ಹಾಳೆ ಹೊಲಿದು ಪುಟ್ಟ ಪುಸ್ತಕಗಳನ್ನು ಮಾಡಿಕೊಟ್ಟ. ಸಂಜೆ ಓದುತ್ತ ತೂಕಡಿಸಿದಾಗ ಕಾಂಟನ ತಲೆ ಮೇಣದ ಬತ್ತಿಯ ಮೇಲೆ ಬಾಗಿ ಟೋಪಿಗೆ ಬೆಂಕಿ ಹತ್ತಿದ್ದು ಒಂದು ಸಲವಲ್ಲ, ಮತ್ತೆ ಮತ್ತೆ. ವಸಿಯಾನ್ಸ್ಕಿ ಓದುವುದನ್ನು ಬಿಡಿಸಲಿಲ್ಲ. ಟೋಪಿಯ ಆಕಾರ ಬದಲಿಸಿದ, ಬತ್ತಿಯನ್ನು ದೂರ ಇಡಿಸಿದ, ಪಕ್ಕದಲ್ಲಿ ನೀರಿನ ಪಾತ್ರೆ ಇಡಿಸಿದ.

ಕಾಫಿಯದು ಇನ್ನೊಂದು ಕತೆ. ಕಾಂಟನಿಗೆ ಕಾಲದ ಅಳತೆ ತಪ್ಪಿತ್ತು. ಒಂದು ನಿಮಿಷ ಒಂದು ಯುಗದಂತೆ ಕಾಣುತ್ತಿತ್ತು. ಊಟವಾದ ಮೇಲೆ ಕಾಫಿ ಬೇಕೆಂದರೆ ಆ ಕ್ಷಣವೇ ಬೇಕು. ಈಗ ಬರುತ್ತದೆ ಎಂಬ ಸಮಾಧಾನ ಅವನಿಗೆ ಸಾಲದು. ವಾದ ಮಾಡಿ ಪ್ರಯೋಜನವಿರಲಿಲ್ಲ. ಆದ್ದರಿಂದ ಪುಡಿ ಮೊದಲೇ ಸಿದ್ಧ, ನೀರು ಮೊದಲೇ ಕುದಿಯುತ್ತಿರಬೇಕು, ಮಾತು ಹೊರಟೊಡನೆ ಸೇವಕ ಬಾಣದಂತೆ ಓಡಿ ಪುಡಿಯನ್ನು ನೀರಿಗೆ ಹಾಕಬೇಕು ಎಂದು ಏರ್ಪಾಡಾಯಿತು. ಒಬ್ಬ ವ್ಯಕ್ತಿಯ ಕಾಲ ಕೆಟ್ಟಾಗ ಅವನನ್ನು ನಮ್ಮ ಕಾಲಕ್ಕೆ ಎಳೆಯುವ ಬದಲು ಮನೆಯ ಕಾಲವನ್ನೇ ಅವನಿಗೆ ಹೊಂದಿಸಿದರು.

1803-04ರ ಚಳಿಗಾಲ

1803ರ ಅಕ್ಟೋಬರ್ 8ರಂದು ಕಾಂಟ್ ಪ್ರಜ್ಞೆ ತಪ್ಪಿ ಬಿದ್ದ. ಚೇತರಿಸಿಕೊಂಡನಾದರೂ ಮೊದಲಿನ ಬಲ ಮರಳಲಿಲ್ಲ. ಆ ಶರತ್ಕಾಲದಲ್ಲಿ ಅವನ ತಂಗಿ ಕಥರೀನಾ ಬಾರ್ಬರಾ ಮನೆಗೆ ಬಂದಳು. ಅಣ್ಣನಿಗಿಂತ ಆರೇಳು ವರ್ಷ ಚಿಕ್ಕವಳು, ಎಂದರೆ ಆಕೆಗೂ ಎಪ್ಪತ್ತು ದಾಟಿತ್ತು. ಊರಿನ ಒಂದು ಧರ್ಮಾಲಯದಲ್ಲಿ ಆಕೆಯ ವಾಸ. ಅಣ್ಣ ಹಣದ ನೆರವು ಕೊಡುತ್ತಿದ್ದನಾದರೂ ಒಂದೇ ಊರಿನಲ್ಲಿದ್ದೂ ಹೋಗಿಬರುವ ಬಳಕೆ ಇರಲಿಲ್ಲ. ಒಬ್ಬಂಟಿಯಾಗಿ ಬದುಕಿದವನ ಮನೆಗೆ ಹೊಸ ಮುಖ ಬಂದರೆ ಗಾಬರಿ. ಅದಕ್ಕೆ ಆಕೆ ಅಣ್ಣನ ಕುರ್ಚಿಯ ಹಿಂದೆ ಕೂರುತ್ತಿದ್ದಳು. ಕ್ರಮೇಣ ಆತ ಒಗ್ಗಿಕೊಂಡ. ಆಕೆಯ ತಾಳ್ಮೆಯನ್ನೂ ಮೃದುತನವನ್ನೂ ವಸಿಯಾನ್ಸ್ಕಿ ಮೆಚ್ಚಿ ಬರೆದಿದ್ದಾನೆ. ಆಕೆ ತಾನೇ ಏನು ಕಂಡಳು, ಏನು ಅನುಭವಿಸಿದಳು ಎಂಬುದನ್ನು ಬರೆದವರಿಲ್ಲ. ಆರೈಕೆಯ ಇತಿಹಾಸದಲ್ಲಿ ಹೆಂಗಸರ ಪಾಲು ಬಹುಮಟ್ಟಿಗೆ ಹೀಗೆ ಕುರ್ಚಿಯ ಹಿಂದೆಯೇ ಉಳಿದಿದೆ.

ಮರೆವಿನ ಕಾಯಿಲೆ ಇರುವ ಹಲವರಲ್ಲಿ ಹೊತ್ತು ಇಳಿಯುತ್ತಿದ್ದಂತೆ ಗಲಿಬಿಲಿ, ಚಡಪಡಿಕೆ ಹೆಚ್ಚುವುದನ್ನು ಇಂದಿನ ವೈದ್ಯರು ಗುರುತಿಸಿದ್ದಾರೆ. ಹದಿನೇಳು ಗಂಟೆಗಳ ರಾತ್ರಿಯಲ್ಲಿ ಅದು ಏನಾಗಿರಬೇಕು! ಕಾಂಟ್ ಕೆಟ್ಟ ಕನಸುಗಳಿಂದ ಬೆಚ್ಚಿ ಏಳುತ್ತಿದ್ದ. ಹಿಂದೆಲ್ಲ ಕತ್ತಲೆ ಮತ್ತು ನಿಶ್ಶಬ್ದ ಇಲ್ಲದೆ ಮಲಗದವನಿಗೆ ಈಗ ದೀಪ ಇಟ್ಟರು. ಸೇವಕ ಅದೇ ಕೋಣೆಯಲ್ಲಿ ಮಲಗಿದ. ಹೊತ್ತು ತಿಳಿಯಲೆಂದು ಗಂಟೆ ಬಾರಿಸುವ ಗಡಿಯಾರ ತಂದರು. ಅದರ ಸದ್ದು ಜೋರಾಯಿತು. ಆಗ ಬಡಿಯುವ ಸುತ್ತಿಗೆಗೆ ಬಟ್ಟೆ ಸುತ್ತಿದರು. ಅನಂತರ ಆ ಮೆಲುದನಿ ಅವನಿಗೆ ರಾತ್ರಿಯ ಸಂಗಾತಿಯಾಯಿತು.

ಡಿಸೆಂಬರಿನಲ್ಲಿ ತನ್ನ ಹೆಸರನ್ನು ರುಜು ಮಾಡಲು ಆಗದಾಯಿತು. ಒಂದು ಕಣ್ಣು ಮೊದಲೇ ಹೋಗಿತ್ತು, ಇನ್ನೊಂದೂ ಮಸುಕಾಯಿತು. ಊಟಕ್ಕೆ ಕುಳಿತರೆ ಚಮಚ ಎಲ್ಲಿದೆಯೆಂದು ಸಿಗದು. ವಸಿಯಾನ್ಸ್ಕಿ ಆಹಾರವನ್ನು ಸಣ್ಣಗೆ ಕತ್ತರಿಸಿ, ಚಮಚದಲ್ಲಿ ತುಂಬಿ, ಕೈಯನ್ನು ಅದರ ಕಡೆ ನಡೆಸುತ್ತಿದ್ದ. ತಾನೇ ಬಾಯಿಗಿಡಲಿಲ್ಲ ಎಂಬುದನ್ನು ಗಮನಿಸಿ.

ಮನೆಮಾತುಗಳೇ ತಿಳಿಯದಾಗಿದ್ದ ಆ ದಿನಗಳಲ್ಲೂ ಒಂದು ಅಚ್ಚರಿ ನಡೆಯುತ್ತಿತ್ತು. ಭೌತವಿಜ್ಞಾನದ್ದೋ ರಸಾಯನಶಾಸ್ತ್ರದ್ದೋ ಪ್ರಶ್ನೆ ಕೇಳಿದರೆ ಕಾಂಟ್ ಸರಿಯಾದ ಉತ್ತರ ಕೊಡುತ್ತಿದ್ದ. ಅತ್ಯಂತ ನಿತ್ರಾಣದ ಸ್ಥಿತಿಯಲ್ಲೂ ಕೆಪ್ಲರನ ನಿಯಮಗಳನ್ನು ಹೇಳಬಲ್ಲವನಾಗಿದ್ದ. ವಸಿಯಾನ್ಸ್ಕಿ ಅತಿಥಿಗಳಿಗೆ ಇಂಥ ಪ್ರಶ್ನೆಗಳನ್ನೇ ಕೇಳುವಂತೆ ಸೂಚಿಸುತ್ತಿದ್ದ. ಹೋದದ್ದನ್ನು ಪರೀಕ್ಷಿಸುವ ಬದಲು ಉಳಿದದ್ದನ್ನು ಮಾತನಾಡಿಸುವುದು ಅವನ ರೀತಿ.

ಉಳಿದದ್ದು ಕೆಪ್ಲರನ ನಿಯಮ ಮಾತ್ರವಲ್ಲ. ಸಾವಿಗೆ ಒಂಬತ್ತು ದಿನ ಮುಂಚೆ ವೈದ್ಯ ನೋಡಲು ಬಂದ. ಕಾಂಟ್ ಕಷ್ಟಪಟ್ಟು ಎದ್ದು ನಿಂತ. ಏನೇನೋ ತುಂಡು ಮಾತು, ನಿಲ್ಲಲು ಶಕ್ತಿಯಿಲ್ಲ, ಆದರೂ ಕೂರಲೊಲ್ಲ. ವೈದ್ಯನಿಗೆ ಅರ್ಥವಾಗಲಿಲ್ಲ. ವಸಿಯಾನ್ಸ್ಕಿ ಬಿಡಿಸಿ ಹೇಳಿದ: ಕೆಲಸದ ಹೊರೆಯ ನಡುವೆ ಬಂದುದಕ್ಕೆ ಕೃತಜ್ಞತೆ ಹೇಳುತ್ತಿದ್ದಾನೆ, ಅತಿಥಿ ಕುಳಿತ ಹೊರತು ತಾನು ಕೂರುವುದಿಲ್ಲ. ವೈದ್ಯ ಕುಳಿತ ಮೇಲೆ ಕಾಂಟ್ ಕುಳಿತ. ಮಾನವತೆಯ ಭಾವ ತನ್ನನ್ನು ಇನ್ನೂ ಬಿಟ್ಟುಹೋಗಿಲ್ಲ ಎಂಬ ಅರ್ಥದ ಮಾತನ್ನೂ ಆಡಿದ.

1804ರ ಫೆಬ್ರವರಿ 12ರಂದು, ಬೆಳಿಗ್ಗೆ ಹನ್ನೊಂದಕ್ಕೆ ಕಾಂಟ್ ತೀರಿಕೊಂಡ. ಎಂಬತ್ತು ತುಂಬಲು ಎರಡು ತಿಂಗಳಷ್ಟು ಉಳಿದಿತ್ತು. ನೆಲ ಹೆಪ್ಪುಗಟ್ಟಿ ಗುಂಡಿ ತೋಡಲಾಗದೆ ಶವಸಂಸ್ಕಾರ ನಡೆದದ್ದು ಹದಿನಾರು ದಿನಗಳ ಮೇಲೆ.

ಮುಪ್ಪೋ, ಕಾಯಿಲೆಯೋ?

ಕಾಂಟನನ್ನು ಕಾಡಿದ ಕಾಯಿಲೆ ಇಂಥದ್ದೇ ಎಂದು ಇಂದು ಖಚಿತವಾಗಿ ಹೇಳಲಾಗದು. ವೈದ್ಯರು ಬೇರೆ ಬೇರೆ ಊಹೆ ಮಾಡಿದ್ದಾರೆ. ಆ ಕಾಲದಲ್ಲಿ ಇದನ್ನು ಮುಪ್ಪಿನ ಸಹಜ ಫಲ ಎಂದೇ ತಿಳಿದಿದ್ದರು. ನಮ್ಮ ಗಾದೆಯೂ ಅರವತ್ತಕ್ಕೆ ಅರಳು ಮರಳು ಎಂದೇ ಹೇಳುತ್ತದೆ.

ಈ ತಿಳಿವಳಿಕೆ ಬದಲಾಗಲು ಸುಮಾರು ನೂರೈವತ್ತು ವರ್ಷ ಹಿಡಿಯಿತು. 1901ರ ನವೆಂಬರ್ 25ರಂದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಆಗುಸ್ಟೆ ಡೆಟರ್ ಎಂಬ 51 ವರ್ಷದ ಗೃಹಿಣಿಯನ್ನು ಸೇರಿಸಿದರು. ಆಕೆಗೆ ಗಂಡನ ಹೆಸರು, ದಿನ, ಊಟದ ತಟ್ಟೆಯಲ್ಲಿ ಇದ್ದದ್ದು, ಯಾವುದೂ ನಿಲ್ಲುತ್ತಿರಲಿಲ್ಲ. ಆಕೆಯನ್ನು ಪರೀಕ್ಷಿಸಿದ ಡಾಕ್ಟರ್ ಅಲೋಯ್ಸ್ ಅಲ್ಜೈಮರ್, 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಡಿ ನೋಡಿದ. ನರಕೋಶಗಳ ಹೊರಗೆ ಗಂಟುಗಟ್ಟಿದ ಕಸ, ಒಳಗೆ ಸಿಕ್ಕುಸಿಕ್ಕಾದ ಎಳೆಗಳು ಕಂಡವು. ಅದೇ ವರ್ಷದ ನವೆಂಬರ್ 3ರಂದು ಟ್ಯೂಬಿಂಗೆನ್‌ನಲ್ಲಿ ನಡೆದ ಸಭೆಯಲ್ಲಿ ಇದನ್ನು ವರದಿ ಮಾಡಿದ. 1910ರಲ್ಲಿ ಅವನ ಹಿರಿಯ ಸಹೋದ್ಯೋಗಿ ಕ್ರೇಪೆಲಿನ್ ತನ್ನ ಪಠ್ಯಪುಸ್ತಕದಲ್ಲಿ ಕಾಯಿಲೆಗೆ ಅಲ್ಜೈಮರನ ಹೆಸರಿಟ್ಟ. ನಡುವಯಸ್ಸಿನವರ ಈ ಅಪರೂಪದ ಕಾಯಿಲೆಯೂ ಮುದುಕರ ಮರೆವೂ ಬಹುಪಾಲು ಒಂದೇ ಎಂಬುದು ಗಟ್ಟಿಯಾದದ್ದು 1960-70ರ ದಶಕಗಳ ಸಂಶೋಧನೆಗಳಿಂದ. ಮರೆವಿನ ಕಾಯಿಲೆಗಳಲ್ಲಿ ಹಲವು ಬಗೆ ಇವೆ. ಅಲ್ಜೈಮರ್ ಅವುಗಳಲ್ಲಿ ಹೆಚ್ಚಾಗಿ ಕಾಣುವುದು. ಯಾವುದೂ ವಯಸ್ಸಾದ ಎಲ್ಲರಿಗೂ ಬರಲೇಬೇಕೆಂದಿಲ್ಲ.

ಭಾರತದಲ್ಲಿ ಇಂಥ ಕಾಯಿಲೆಗಳಿಗಾಗಿಯೇ ಒಂದು ರಾಷ್ಟ್ರೀಯ ಸಂಘ ಕೇರಳದಲ್ಲಿ 1992ರಲ್ಲಿ ಹುಟ್ಟಿತು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ನಮ್ಮ ದೇಶದ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಈ ತೊಂದರೆ ಇದೆ. ಅವರಲ್ಲಿ ಹೆಚ್ಚಿನವರನ್ನು ನೋಡಿಕೊಳ್ಳುತ್ತಿರುವವರು ಮನೆಯವರೇ.

ನಮ್ಮ ಮನೆಗಳಲ್ಲಿ

ಈ ಕತೆಯನ್ನು ನಾನು ಹುಡುಕಿ ಓದಿದ್ದಕ್ಕೆ ಮನೆಯ ಕಾರಣವೂ ಇದೆ. ನನ್ನ ತಂದೆ ತಾಯಿ ಇಬ್ಬರೂ ನಿವೃತ್ತ ಶಿಕ್ಷಕರು. ಅಮ್ಮನಿಗೆ ಮರೆವಿನ ಕಾಯಿಲೆ. ಮಾಗಿಯ ಚಳಿಯಲ್ಲಿ, ಇನ್ನೂ ಮಂಜು ಕರಗದ ಹೊತ್ತಿನಲ್ಲಿ ಅಮ್ಮ ಸ್ವೆಟರ್ ಹಾಕಿಕೊಂಡು ಗೇಟಿನ ಬಳಿ ನಿಲ್ಲುತ್ತಾರೆ: "ಹೊತ್ತಾಯ್ತು, ಪ್ರಾರ್ಥನೆಗೆ ಬೆಲ್ ಹೊಡೆದುಬಿಡ್ತಾರೆ." ನಾನು ವಿಜ್ಞಾನ ಓದಿದವನು. ನಿಜ ಹೇಳುವುದೇ ಸರಿ ಎಂದುಕೊಂಡು, "ಅಮ್ಮಾ, ನೀನು ರಿಟೈರ್ ಆಗಿ ಹದಿನಾರು ವರ್ಷ ಆಯ್ತು" ಎನ್ನುತ್ತಿದ್ದೆ. ಪ್ರತಿಸಲವೂ ಅದು ಅವರಿಗೆ ಹೊಸ ಸುದ್ದಿ. ಪ್ರತಿಸಲವೂ ಮುಖ ಬಾಡುತ್ತಿತ್ತು.

ಅಪ್ಪ ವಾದ ಮಾಡಲಿಲ್ಲ. ಮಫ್ಲರ್ ಸುತ್ತಿಕೊಂಡು, ಅಮ್ಮನ ಹಳೆಯ ಚೀಲವನ್ನು ತಾವು ಹೆಗಲಿಗೆ ಹಾಕಿಕೊಂಡು "ನಡಿ, ಹೋಗೋಣ" ಎಂದರು. ಬೀದಿಯ ಕೊನೆಯ ಹಾಲಿನ ಬೂತಿನವರೆಗೆ ನಡೆದು, ಬಿಸಿಲು ಬಿದ್ದ ಕಡೆ ಸ್ವಲ್ಪ ನಿಂತು, ಮರಳಿ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಅಮ್ಮ, "ಇವತ್ತು ಮಕ್ಕಳು ಗಲಾಟೆ ಮಾಡ್ಲಿಲ್ಲ" ಎಂದರು. ಆ ನಡಿಗೆ ಈಗ ದಿನದ ರೂಢಿ. ವಸಿಯಾನ್ಸ್ಕಿಯ ಹೆಸರು ಅಪ್ಪನಿಗೆ ಗೊತ್ತಿಲ್ಲ.

ಆದರೆ ಅಪ್ಪನಿಗೂ ಎಪ್ಪತ್ತೆಂಟು. ರಾತ್ರಿ ಮೂರು ಸಲ ಏಳುತ್ತಾರೆ. ಮನೆಗೆ ಬಂದವರೆಲ್ಲ ಅಮ್ಮನನ್ನು ವಿಚಾರಿಸುತ್ತಾರೆ. ಅಪ್ಪ ನಿದ್ದೆ ಮಾಡಿದರೇ ಎಂದು ಕೇಳುವವರು ಕಡಿಮೆ. ಎಷ್ಟೋ ದಿನ ನಾನೂ ಕೇಳಿರಲಿಲ್ಲ. ಕುರ್ಚಿಯ ಹಿಂದೆ ಕುಳಿತ ಆ ತಂಗಿಯ ಬಗ್ಗೆ ಓದಿದ ಮೇಲೆ ಕೇಳಲು ನಾಚಿಕೆಯಾಯಿತು, ಆದರೂ ಕೇಳಿದೆ. "ಭಾನುವಾರ ಒಂದು ದಿನ ನೀನು ನೋಡ್ಕೊಂಡ್ರೆ ಸಾಕು" ಎಂದರು. ಈಗ ಭಾನುವಾರದ ನಡಿಗೆ ನನ್ನದು.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥ ಒಬ್ಬ ಅಜ್ಜ, ಒಬ್ಬ ಅಜ್ಜಿ ಇರಬಹುದು. ಮೊದಲು ವೈದ್ಯರಿಗೆ ತೋರಿಸುವಂತೆ ಹಿರಿಯರಿಗೆ ಹೇಳಿ; ಕೆಲವು ಮರೆವುಗಳಿಗೆ ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆಯಂಥ ವಾಸಿಯಾಗಬಲ್ಲ ಕಾರಣಗಳೂ ಇರುತ್ತವೆ. ಅವರು ಒಂದೇ ಪ್ರಶ್ನೆಯನ್ನು ನಾಲ್ಕನೆಯ ಸಲ ಕೇಳಿದರೆ ನಾಲ್ಕನೆಯ ಸಲವೂ ಉತ್ತರ ಹೇಳಿ. ಅವರಿಗೆ ಇನ್ನೂ ಗೊತ್ತಿರುವುದು ಯಾವುದು ಎಂದು ಕಂಡುಹಿಡಿದು ಅದನ್ನೇ ಮಾತನಾಡಿಸಿ: ಒಂದು ಮಗ್ಗಿ, ಒಂದು ದೇವರನಾಮ, ಒಂದು ಅಡುಗೆ. ಆಮೇಲೆ, ಅವರ ಹಿಂದೆ ನಿಂತಿರುವವರ ಕಡೆ ತಿರುಗಿ, ನೀವು ಊಟ ಮಾಡಿದಿರಾ ಎಂದು ಕೇಳಿ. ಅವರು ಹೂಂ ಎಂದರೂ ಒಂದು ಗಂಟೆ ಅವರ ಜಾಗದಲ್ಲಿ ಕುಳಿತುಕೊಳ್ಳಿ.